ಗಂಗವ್ವನ ಮಡುವಿನ ಪಾಲು

ನೀರಾಗ ಗೆರಿ ಹೊಡಿಯೂ ಮಂದೀನ್ನ ನೀವು ನೋಡೀರೇನು? ನಾ ನೋಡೀನಿ. ಇದೇ ಪುಣೆದಾಗ, ಶಿವಾಜಿನಗರದ ಒಂದು ಸರ್ಕಾರಿ ಬಂಗಲೇದಾಗ, ಫ್ಯಾನಿನ ಕೆಳಗ ಕುಂತು ಚಹಾ ಕುಡಕೋತ, ಭೀಮಾ ಹೊಳಿ ನಕಾಶಿ ಮ್ಯಾಲ ಕೆಂಪು ಪೆನ್ಸಿಲಿನಿಂದ ಗೆರಿ ಹೊಡದ್ರು. ಮೇಜಿನ ಈ ಕಡಿ ಕರ್ನಾಟಕ ಸರ್ಕಾರ, ಆ ಕಡಿ ಮಹಾರಾಷ್ಟ್ರ ಸರ್ಕಾರ. ಎರಡು ದೇಶದ ರಾಜರು ಕೂಡಿದಂಗ ಕೂಡಿದ್ರು ಎಪ್ಪಾ! ಎದಕ್ಕ? ಮೀನಿನ ಸಲುವಾಗಿ. ಆ ಮೀನಿಗೇನು ಗೊತ್ರಿ ಯಾವ ದಂಡಿ ಯಾವ ಸರ್ಕಾರದ್ದು ಅಂತ?

ನನ್ನ ಹೆಸರು ಯಂಕವ್ವ. ನಾವು ಅಂಬಿಗರ ಮಂದಿ, ಹೊಳ್ಯಾಗ ಬಲಿ ಬೀಸಿ ಉಣ್ಣೋರು. ನನ್ನ ತವರುಮನಿ ಭೀಮಾ ಹೊಳಿಯ ಈ ದಂಡಿಗೆ, ಕರ್ನಾಟಕದಾಗ. ಕೊಟ್ಟ ಮನಿ ಆ ದಂಡಿಗೆ, ಮಹಾರಾಷ್ಟ್ರದಾಗ. ಭಾಳ ದೂರ ಕೊಟ್ಟಾರ ಅನ್ನಬ್ಯಾಡ್ರಿ ಮತ್ತ. ನಮ್ಮವ್ವ ಈ ದಂಡಿಗೆ ನಿಂತು ಒದರಿದ್ರ, ನಾ ಆ ದಂಡಿಗೆ ರೊಟ್ಟಿ ಬಡಿಯೂದು ಬಿಟ್ಟು ಓ ಅಂತಿದ್ದೆ. ಎರಡೂ ದಂಡ್ಯಾಗ ಮಾತು ಕನ್ನಡನೇ, ದೇವರು ಅವೇ, ಹೆಣ್ಣು ಕೊಡೂದು ತರೂದು ಯಾವತ್ತಿನಿಂದಲೂ ನಡದೇ ಅದ. ನನ್ನ ಮದವಿ ದಿಬ್ಬಣ ಹರಗೋಲದಾಗ ಕುಂತು ಹೊಳಿ ದಾಟಿತ್ತು, ಬ್ಯಾರೆ ರಾಜ್ಯಕ್ಕ ಹೊಂಟೇವಿ ಅಂತ ಯಾರಿಗೂ ಅನಿಸಿರಲಿಲ್ಲ.

ಹೊಳಿ ಬತ್ತಿದ ಆ ದೊಡ್ಡ ಬರದ ವರ್ಷ ನಾವು ಪುಣೆಕ್ಕ ಬಂದ್ವಿ. ಒಂದು ಹರಗೋಲಿನ ಮ್ಯಾಲ ಎರಡು ಸಂಸಾರ ನಡಿಯಂಗಿಲ್ಲ ಅಂತ ನಮ್ಮ ಮನಿಯವ್ರು ಶಂಕ್ರೆಪ್ಪ ಹರಗೋಲು ಬಲಿ ಎಲ್ಲಾ ತಮ್ಮನ ಕೈಯಾಗ ಇಟ್ಟು, ನನ್ನ ಕರಕೊಂಡು ಸೊಲ್ಲಾಪುರದಾಗ ಗಾಡಿ ಹತ್ತಿದ್ರು. ಆ ತಮ್ಮನೇ ಕೃಷ್ಣಾಜಿ, ನನ್ನ ಮೈದುನ. ಆಗ ಕೋಥರೂಡದಾಗ ಬಿಲ್ಡಿಂಗ್ ಏಳಾಕ ಹತ್ತಿದ್ವು. ಅವರು ಗೋಡಿ ಕಟ್ಟೂ ಗೌಂಡಿ ಕೈಕೆಳಗ ನಿಂತ್ರು, ನಾ ಘಮೇಲಾ ಹೊತ್ತೆ. ಘಮೇಲಾ ಅಂದ್ರ ಕಲ್ಲು, ಸಿಮೆಂಟು ಹೊರೂ ಕಬ್ಬಿಣದ ಬುಟ್ಟಿ. ಅದನ್ನ ತಲಿ ಮ್ಯಾಲ ಇಟಗೊಂಡು ಬಿದಿರಿನ ಏಣಿ ಹತ್ತಿದವರಿಗೇ ಗೊತ್ತು ಅದರ ಸುಖ. ಕುತ್ತಿಗಿ ಒಳಗ ಹುಳ ಕೊರದಂಗ ನೋವು ಕೊರೀತದ, ಮಲಗಿದ್ರೂ ಬಿಡಂಗಿಲ್ಲ. ಹೊಳಿ ಗಾಳ್ಯಾಗ ಬೆಳದವರಿಗೆ ಆ ಧೂಳು, ಕೂಲಿ ಮಂದಿ ಮ್ಯಾಲಿನ ಆ ಮುಕಾದಮನ ಬೈಗಳ! ಥೂ, ನಾಯಿಪಾಡು.

ಇರಲಿ, ನಮ್ಮ ಹಣೇದಾಗ ಬರದಿತ್ತು, ಹೊತ್ವಿ. ಆದ್ರ ನನ್ನ ತಮ್ಮ ತಾಯಪ್ಪಗ ಇದು ಬರಬಾರದು ಅಂತ ನಾ ದಿನಾ ದೇವರಿಗೆ ಕೈ ಮುಗೀತಿದ್ದೆ. ನನ್ನ ಬೆನ್ನಿಗೆ ಬಿದ್ದ ತಮ್ಮ ಅಂವ. ನೀರಾಗ ಇಳದ್ರ ಮೀನಿಗೇ ನಾಚಿಕಿ ಆಗಬೇಕು ಹಂಗ ಈಜಾಂವ, ದಂಡಿ ಮ್ಯಾಲ ಮಾತ್ರ ಹೆಣ್ಣುಮಕ್ಕಳಂಗ ನಾಚಕೊಂಡು ತಲಿ ತಗ್ಗಿಸಿ ನಿಂದರಾಂವ. ಅಂಥವನ ತಲಿ ಮ್ಯಾಲ ಘಮೇಲಾ ನೋಡೂಕಿಂತ ನಾನೇ ಎರಡು ಹೊತಗೊಂಡೇನು ಅಂತಿದ್ದೆ.

ಅಂಥಾ ದಿನ ಬರೂ ಹಂಗೇ ಆತು ನೋಡ್ರಿ. ಹೊಳಿಗೆ ಮ್ಯಾಲೆಲ್ಲೋ ಡ್ಯಾಮ್ ಕಟ್ಟಿದ್ರು. ಬ್ಯಾಸಗಿ ಬಂತಂದ್ರ ನಮ್ಮ ಕಡಿ ಹೊಳಿ ಒಣಗಿ ಉಸುಕು ಕಾಣಿಸ್ತಿತ್ತು, ನೀರು ಉಳಿಯೂದು ಗಂಗವ್ವನ ಮಡುವಿನಾಗ ಮಾತ್ರ. ಎರಡು ದಂಡಿ ನಡುವ ಇರೂ ಆಳದ ಗುಂಡಿ ಅದು. ಹೊಳ್ಯಾಗಿನ ಮೀನೆಲ್ಲಾ ಜೀವಾ ಉಳಿಸಿಕೊಳ್ಳಾಕ ಅಲ್ಲೇ ಬಂದು ಸೇರಿದ್ರ, ಅವುಗಳ ಹಿಂದ ಎರಡೂ ದಂಡಿ ಮಂದಿನೂ ಅಲ್ಲೇ ಸೇರಿದ್ರು. ಮೊದಲ ಬಾಯಿ ಜಗಳ, ಆಮ್ಯಾಲ ಬಲಿ ಕೊಯ್ಯೂದು, ಕಡೀಕ ಒಂದು ಹರಗೋಲಿಗೆ ಬೆಂಕಿ. ಈ ದಂಡಿಗೆ ಕನ್ನಡ ಪೊಲೀಸರು, ಆ ದಂಡಿಗೆ ಮರಾಠಿ ಪೊಲೀಸರು. ಆವಾಗ ಎರಡೂ ಸರ್ಕಾರ ಕೂಡಿ, ಮಡುವಿನ ಮೀನು ಪಾಲು ಮಾಡೋಣು ಅಂದ್ವು. ಒಂದೊಂದು ದಂಡಿಗೆ ಇಷ್ಟು ಅಂತ ಕೋಟಾ. ಅದಕ್ಕಿಂತ ಹೆಚ್ಚು ಹಿಡದ್ರ ಬಲಿ ಜಪ್ತಿ. ಮಾತುಕತಿ ಪುಣೆದಾಗ, ಎರಡೂ ದಂಡಿಯಿಂದ ಒಬ್ಬೊಬ್ಬರು ಬರಬೇಕು ಅಂತ ಹುಕುಂ ಬಂತು.

ಆ ದಂಡಿಯವರು ಕೃಷ್ಣಾಜಿನ್ನ ಆರಿಸಿದ್ರು. ಅಂವ ಅಲ್ಲಿ ಮೀನುಗಾರರ ಸೊಸಾಯಟಿಗೆ ಚೇರ್ಮನ್ ಆಗಿದ್ದ, ಸಾಹೇಬರ ಮುಂದ ಕುರ್ಚಿ ಎಳಕೊಂಡು ಕುಂಡ್ರಾಂವ. ಈ ದಂಡಿಯವರು ಪುಣೆದಾಗ ಯಾರ್ದರ ಮನಿ ಅದ ಏನ್ರೋ ಅಂತ ಹುಡುಕಿ ತಾಯಪ್ಪನ್ನ ನೂಕಿದ್ರು. ಇಬ್ಬರಿಗೂ ಪುಣೆದಾಗ ಇಳಕೊಳ್ಳಾಕ ಮನಿ ಅಂದ್ರ ನನ್ನ ತಗಡಿನ ಗುಡಿಸಲೇ! ಇಬ್ಬರೂ ಒಂದೇ ಗಾಡ್ಯಾಗ ಬಂದ್ರು, ಬ್ಯಾರೆ ಬ್ಯಾರೆ ಡಬ್ಬಿ. ದೌಂಡದಾಗ ಚಹಾಕ್ಕ ಇಳದು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ನಿಂತು ಕುಡದ್ರಂತ. ನನ್ನ ಬಾಗಿಲಿಗೆ ಬಂದ್ರೂ ಮುಸುಡಿ ಹಂಗೇ ಗಂಟ ಹಾಕ್ಕೊಂಡಿದ್ವು. ಒಳಗ ಬರ್ರಿ, ಇಲ್ಲಿ ಯಾವ ಸರ್ಕಾರನೂ ಇಲ್ಲ, ನಂದೇ ರಾಜ್ಯ, ಅಂದೆ. ಆವಾಗ ಇಬ್ಬರೂ ಒಂದೇ ತಂಬಗಿಲೆ ಕಾಲು ತೊಳಕೊಂಡ್ರು.

ಮರುದಿನ ಬಂಗಲೇಕ್ಕ ನಾನೇ ಕರಕೊಂಡು ಹೋದೆ. ನನ್ನ ಒಳಗ ಬಿಡಲಿಲ್ಲ. ಬಾಗಿಲ ಬಾಯಾಗ, ಚಪ್ಪಲಿ ಬಿಡೂ ಜಾಗಾದಾಗ ಕುಂತೆ. ಅಲ್ಲಿಂದ ಎಲ್ಲಾ ಕಾಣ್ತಿತ್ತು, ಎಲ್ಲಾ ಕೇಳ್ತಿತ್ತು. ಕರ್ನಾಟಕದ ಕಡಿಂದ ಬೆಂಗಳೂರಿನ ಸಾಹೇಬರು ಬಂದಿದ್ರು, ಸಣ್ಣ ವಯಸ್ಸು, ಬೆಳ್ಳಗ ಮೆತ್ತಗ ಇದ್ರು. ಮಹಾರಾಷ್ಟ್ರದ ಕಡಿಂದ ಪುಣೆ ಸಾಹೇಬರು, ಕನ್ನಡಕದ ಮ್ಯಾಲಿಂದ ನೋಡೋರು. ಮುಂಜಾನಿಯೆಲ್ಲಾ ಇಂಗ್ಲೀಷಿನಾಗ ಮಾತಾಡಿದ್ರು. ನಮ್ಮ ಗಂಡಸರಿಬ್ಬರೂ ಮದವಿ ಮನ್ಯಾಗ ಬ್ಯಾರೆಯವರ ಬೀಗರಂಗ ಸುಮ್ಮನ ಕುಂತಿದ್ರು.

ಊಟದ ಮ್ಯಾಲ ವಿಷಯಕ್ಕ ಬಂದ್ರು. ಯಾವ ದಂಡಿಯವರು ಇಷ್ಟು ದಿನ ಎಷ್ಟು ಹಿಡಕೋತ ಬಂದಾರೋ, ಆ ಲೆಕ್ಕದಾಗೇ ಪಾಲು ಕೊಡೂದು ಅಂತ ಸಾಹೇಬರಿಬ್ಬರೂ ಒಪ್ಪಿಕೊಂಡಿದ್ರು. ಬೆಂಗಳೂರಿನ ಸಾಹೇಬರು ತಾಯಪ್ಪನ ಕಡಿ ತಿರುಗಿ, "ನೀವು ಹೇಳಿ. ಬೇಸಿಗೆಯಲ್ಲಿ ನಿಮ್ಮ ಕಡೆಯವರಿಗೆ ಎಷ್ಟು ಮೀನು ಸಿಗುತ್ತೆ?" ಅಂತ ಕೇಳಿದ್ರು.

ತಾಯಪ್ಪ ಎದ್ದು ನಿಂತು ಕೈ ಮುಗದ. "ಎಲ್ಲಿ ಮೀನ್ರಿ ಸಾಹೇಬ್ರ? ಏನೋ ಗಂಗವ್ವ ಕೊಟ್ಟಷ್ಟು. ಸಾರಿಗೆ ಆಗ್ತಾವ."

ಅಯ್ಯ ಶಿವನೇ!

ನಿಮಗ ಹ್ಯಾಂಗ ತಿಳಿಸ್ಲಿ? ನಮ್ಮ ಮಂದ್ಯಾಗ ಬಲ್ಯಾಗ ಎಷ್ಟು ಬಿತ್ತು ಅಂತ ಬಾಯಿ ಬಿಟ್ಟು ಹೇಳೂ ಪದ್ಧತಿ ಇಲ್ಲ. ಹರಗೋಲು ಮುಳುಗೂ ಹಂಗ ಮೀನು ತುಂಬಿರ್ಲಿ, ದಂಡಿಗೆ ನಿಂತಾಂವ ಎಷ್ಟು ಬಿತ್ತೋ ಅಂದ್ರ, ಎಲ್ಲೀದೋ ಮಾರಾಯಾ, ಒಂದೆರಡು, ಸಾರಿಗೆ ಆಗ್ತಾವ, ಅಂತೀವಿ. ಲೆಕ್ಕ ಹಾಕಿ ಹೇಳಿದ್ರ ಹೊಳಿ ಮುನಿಸ್ಕೊಂತಾಳ, ಕೊಟ್ಟ ಕೈ ಹಿಂದಕ್ಕ ತಗೋತಾಳ. ಬ್ಯಾಪಾರಿ ಬಂದು ತಕ್ಕಡಿ ಎತ್ತಿದ್ರ ನಾವು ಅತ್ತಾಗ ಮಾರಿ ತಿರುಗಿಸಿ ನಿಂದರ್ತೀವಿ. ನಮ್ಮಪ್ಪ ಒಮ್ಮೆ ಬೀಗರ ಮುಂದ ಜಂಬ ಕೊಚ್ಚಿಗೊಂಡು ಇಷ್ಟು ಹಿಡದೆ ಅಂತ ಹೇಳಿದ್ದ. ಅದೇ ಮಳೆಗಾಲದಾಗ ಹೊಳಿ ಅವನ್ನ ತಗೊಂಡು ಹೋತು. ಹೆಣ ಸೈತ ಸಿಗಲಿಲ್ಲ. ಆವಾಗ ತಾಯಪ್ಪ ನನ್ನ ಸೆರಗು ಹಿಡದು ದಂಡಿಗೆ ನಿಂತಿದ್ದ.

ಬೆಂಗಳೂರಿನ ಸಾಹೇಬರಿಗೆ ಇದೆಲ್ಲಾ ಹ್ಯಾಂಗ ಗೊತ್ತಾಗಬೇಕು? "ಏನ್ರೀ ಇದು, ಸರಿಯಾಗಿ ಹೇಳಿ. ಇಡೀ ದಂಡೆಗೆ ಸಾರಿಗೆ ಆಗುವಷ್ಟೇನಾ? ನಾನು ನಿಮ್ಮ ಪರವಾಗಿ ಬಂದಿದ್ದೀನಿ ಕಣ್ರೀ" ಅಂದ್ರು, ಪಾಪ, ಖರೇನೇ ಕಳವಳದಿಂದ. ತಾಯಪ್ಪ ಮತ್ತ ಕೈ ಮುಗದು, "ಹೌದ್ರಿ, ಒಂದೆರಡು ಬೀಳ್ತಾವ್ರಿ" ಅಂದ. ಪುಣೆ ಸಾಹೇಬರು ನಕ್ಕು ಬರಕೊಂಡ್ರು.

ಆಮ್ಯಾಲ ಕೃಷ್ಣಾಜಿ ಎದ್ದ. ಸೊಸಾಯಟ್ಯಾಗ ತೂಕ ಮಾಡಿಸಿ ಮಾಡಿಸಿ ಅವನ ನಾಲಿಗಿ ಪಳಗಿತ್ತು. ಲೆಕ್ಕ ತೋರಿಸಿದಷ್ಟು ಸರ್ಕಾರದಿಂದ ನೈಲಾನ್ ಬಲಿ ಸಿಗ್ತಾವ ಅಂತ ಕಲತಿದ್ದ. ಮರಾಠ್ಯಾಗ ಖಡಾಖಡಿ ಹೇಳಿದ, ಇಷ್ಟು ಕ್ವಿಂಟಲ್, ಸೊಸಾಯಟಿ ದಾಖಲೇನೂ ಅದ ಅಂತ. ಸುಳ್ಳೇನೂ ಹೇಳಲಿಲ್ಲ. ಇದ್ದಿದ್ದೇ ಹೇಳಿದ.

ಸಂಜಿಮುಂದ ತೀರ್ಮಾನ ಓದಿದ್ರು. ಮಡುವಿನ ಮೀನು ಹತ್ತು ಪಾಲು ಮಾಡಿದ್ರ ಒಂಬತ್ತು ಆ ದಂಡಿಗೆ, ಒಂದು ಈ ದಂಡಿಗೆ. ಸಹಿ ನಾಳೆ ಮುಂಜಾನೆ. ಬೆಂಗಳೂರಿನ ಸಾಹೇಬರು ಎರಡೂ ಕೈ ಚೆಲ್ಲಿ, "ನಾನೇನು ಮಾಡಲಿ, ನೀವೇ ಹೇಳಿಬಿಟ್ರಲ್ಲ" ಅಂದು ಎದ್ದು ಹೋದ್ರು. ತಾಯಪ್ಪ ಅಲ್ಲೇ ಕುರ್ಚ್ಯಾಗ ಕುಂತಿದ್ದ, ಎಬ್ಬಿಸಿದ್ರೂ ಏಳವಲ್ಲ. ಒಂದು ಪಾಲಿನ್ಯಾಗ ನಮ್ಮ ಓಣಿ ಮಂದಿ ನಾಕು ದಿನ ಉಂಡಾರು. ಆಮ್ಯಾಲ? ಆಮ್ಯಾಲ ಗಂಟುಮೂಟಿ ಕಟ್ಟಕೊಂಡು ಪುಣೆ ಗಾಡಿ ಹತ್ತೂದು, ಮತ್ತೇನು.

ಮನಿಗೆ ಬಂದು ರೊಟ್ಟಿ ಬಡದೆ. ಆ ಹೊತ್ತು ಎಷ್ಟು ಜೋರ ಬಡದೆ ಅಂದ್ರ ಬಾಜೂ ಗುಡಿಸಲಿನಾಕಿ ಬಂದು ಯಾಕ ಯಂಕವ್ವ, ಯಾರನ್ನ ಬಡ್ಯಾಕತ್ತೀದಿ ಅಂತ ಹಣಿಕಿ ಹಾಕಿ ಹೋದಳು. ಮೂರೂ ಗಂಡಸರ ಮುಂದ ತಾಟು ಇಟ್ಟೆ. ಆಮ್ಯಾಲ ಕೃಷ್ಣಾಜಿ ಎದುರಿಗೆ ಕುಂತೆ.

"ಏ ಕೃಷ್ಣಾಜಿ, ನೀನೂ ಅಂಬಿಗರ ಹೊಟ್ಟ್ಯಾಗೇ ಹುಟ್ಟೀದಿಯೋ ಇಲ್ಲ ಮುಗಿಲಿನಿಂದ ಉದುರೀದಿಯೋ? ಅಂವ ಯಾಕ ಒಂದೆರಡು ಅಂದ ಅನ್ನೂದು ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು, ವೈನಿ."

"ಮತ್ತ ಬಾಯಿಗೇನು ಬಡದಿತ್ತು? ಸಾಹೇಬ್ರ, ಅಂವ ಹಂಗ ಅನ್ನೂದು ಪದ್ಧತಿ, ಅವರೂ ನಮ್ಮಷ್ಟೇ ಹಿಡೀತಾರ ಅಂತ ಒಂದು ಮಾತು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಕೃಷ್ಣಾಜಿ ತಾಟಿನಿಂದ ಕೈ ತಗದ. "ನಂದು ನಾ ಹೇಳಬಹುದು. ಮತ್ತೊಬ್ಬರ ಬಲ್ಯಾಗಿಂದು ನಾ ಹ್ಯಾಂಗ ಹೇಳ್ಲಿ, ವೈನಿ? ನಾಳೆ ಅವನಿಗೆ ಹೊಳ್ಯಾಗ ಏನರ ಆದ್ರ ನೀವೇ ನನ್ನ ಶಾಪ ಹಾಕ್ತೀರಿ. ಮತ್ತ ನನ್ನ ಹಿಂದ ಮಂದಿ ಅದಾರ. ಹೆಚ್ಚು ಪಾಲು ತರ್ತಾನ ಅಂತ ಡೊಳ್ಳು ತಯಾರ ಇಟಗೊಂಡು ಕುಂತಾರ. ನಾನಾಗಿ ಕಡಿಮಿ ಮಾಡಿಸಿಕೊಂಡು ಹೋದ್ರ ಊರಾಗ ಮಾರಿ ಹ್ಯಾಂಗ ತೋರಸ್ಲಿ?"

ಅವನ ಮಾತೂ ಖರೇನೇ. ಸಿಟ್ಟು ಇಳೀಲಿಲ್ಲ, ತಾಯಪ್ಪನ ಕಡಿ ಹೊಳ್ಳಿದೆ. "ನೀನರ ಹೇಳೋ ತಮ್ಮಾ. ನಾಳೆ ಒಂದು ಸಲ ಖರೇ ಹೇಳಿಬಿಡು."

"ಹೇಳಲಾರೆ, ಯಕ್ಕಾ" ಅಂದ, ಗೋಡಿ ನೋಡಕೋತ. "ಅಪ್ಪ ಹೇಳಿದ್ದ, ಏನಾತು ನೀನೇ ನೋಡೀದಿ. ಹೇಳಿದ್ರೂ ಇನ್ನ ಯಾರು ನಂಬ್ತಾರ? ಇವತ್ತ ಒಂದೆರಡು ಅಂದಾಂವ ನಾಳೆ ಗಾಡಿ ಗಾಡಿ ಅಂದ್ರ ಹುಚ್ಚ ಅಂತಾರ."

ಆವಾಗ ಕೃಷ್ಣಾಜಿ ಮೆಲ್ಲಕ ಅಂದ. "ನೀವೇ ಹೇಳ್ರಿ, ವೈನಿ. ಮದವಿಗಿಂತ ಮೊದಲ ಸಂತಿಗೆ ಮೀನಿನ ಬುಟ್ಟಿ ಹೊತ್ತಾಕಿ ನೀವು. ನಾಳೆ ಒಳಗ ಬಂದು, ನಮ್ಮ ತವರಿನ ದಂಡಿಗೆ ಇಷ್ಟು ಬೀಳ್ತಿತ್ತು ಅಂತ ಹೇಳ್ರಿ. ನಾ ಅಡ್ಡ ಬರಂಗಿಲ್ಲ, ಮಂದಿಗೆ ವೈನಿ ಹೇಳಿದಳು ಅಂತೀನಿ."

ಹೇಳ್ತೀನಿ, ನನಗ್ಯಾರ ಭಯ, ಅನ್ನಾಕ ಬಾಯಿ ತಗದೆ. ನಾ ಪುಣೆದಾಗ ಮುಕಾದಮನ ಸಂಗಾಟ ಜಗಳಾಡಾಕಿ, ರೇಶನ್ ಅಂಗಡಿಯವನ ಕೊಳ್ಳಪಟ್ಟಿ ಹಿಡದಾಕಿ. ಹೊಳಿ ಬಿಟ್ಟು ಇಷ್ಟು ವರ್ಷ ಆಗಿತ್ತು. ಆದ್ರ ಕಣ್ಣ ಮುಂದ ನಮ್ಮಪ್ಪ ಬಂದು ನಿಂತ ನೋಡ್ರಿ, ನಾಲಿಗಿ ಮ್ಯಾಲಕ್ಕೇ ಏಳಲಿಲ್ಲ. ಹೇಳಿದ ಮ್ಯಾಲ ಬರೂ ಮಳೆಗಾಲದಾಗ ತಾಯಪ್ಪ ಹೊಳಿಗೆ ಇಳದು ಮ್ಯಾಲ ಬರಲಿಲ್ಲ ಅಂದ್ರ? ನಾ ಬಾಯಿ ಮುಚ್ಚಿದೆ. ನಮ್ಮ ಮನಿಯವ್ರು ಎಂದೂ ಮಾತಾಡದ ಮನಷಾ, "ಉಣ್ರಿ, ಸಾರು ಆರ್ತದ" ಅಂದ್ರು.

ನನಗ ಅಳು ಬಂತು. ಅಳು ಬಂದ್ರ ನನಗ ಸಿಟ್ಟೂ ಬರ್ತದ. "ಉಣ್ಣೋ, ಉಣ್ಣು" ಅಂದೆ ತಾಯಪ್ಪಗ. "ಉಂಡು ಗಟ್ಟಿ ಆಗು. ಬ್ಯಾಸಗಿ ಬಂದಕೂಡ್ಲೆ ಹೆಂಡ್ತಿ ಮಕ್ಕಳನ್ನ ಕರಕೊಂಡು ಬಂದುಬಿಡು. ಈ ಗುಡಿಸಲ ಬಾಜೂಕ ಜಾಗಾ ಅದ. ಮುಕಾದಮಗ ಹೇಳಿ ಒಂದು ಘಮೇಲಾ ಕೊಡಸ್ತೀನಿ. ಎಂಥಾ ಭಾಗ್ಯ ನೋಡು ಬೇಕಂದ್ರ!" ಅಂದು ತಲಿ ಮ್ಯಾಲಿನ ಸೆರಗು ಜಗ್ಗಿ, ತಲಿ ಬಗ್ಗಿಸಿ ಇಬ್ಬರ ಮುಂದೂ ಹಿಡದೆ. ನನ್ನ ನಡುನೆತ್ತಿ ಬೋಳಾಗಿತ್ತು. ಹೊತ್ತು ಹೊತ್ತು ಅಲ್ಲಿ ಕೂದಲೇ ಹುಟ್ಟತಿರಲಿಲ್ಲ, ಚರ್ಮ ಚಪ್ಪಲಿ ಅಟ್ಟಿಯಂಗ ದಡ್ಡುಗಟ್ಟಿತ್ತು. ತವರಿನವರಿಗೆ ಅದನ್ನ ನಾ ಎಂದೂ ತೋರಿಸಿರಲಿಲ್ಲ. ತಾಯಪ್ಪ ಎರಡೂ ಕೈಲೆ ಮಾರಿ ಮುಚ್ಚಿಕೊಂಡು ಸಣ್ಣ ಹುಡುಗನಂಗ ಅತ್ತ. ಕೃಷ್ಣಾಜಿ ಅರ್ಧಾ ಉಂಡಾಂವ ಎದ್ದು, ಕೈ ತೊಳಕೊಂಡು ಹೊರಗ ಹೋಗಿ ಮಲಗಿದ.

ಮರುದಿನ ಮತ್ತ ಅದೇ ಬಾಗಿಲ ಬಾಯಿ. ಕಾಗದ ಎಲ್ಲಾ ಟೈಪ್ ಆಗಿ ಬಂದಿದ್ವು. ಪುಣೆ ಸಾಹೇಬರು ಪೆನ್ನಿನ ಟೊಪ್ಪಿಗಿ ತಗದು ಕೃಷ್ಣಾಜಿ ಮುಂದ ಹಿಡದ್ರು. ಕೃಷ್ಣಾಜಿ ಪೆನ್ ತಗೊಳ್ಳಲಿಲ್ಲ. ಎದ್ದು ನಿಂತು ಟೋಪಿ ತಗದ.

"ಸಾಹೇಬ, ನಿನ್ನೆ ನಾ ಹೇಳಿದ್ದು ಸುಳ್ಳು" ಅಂದ ಮರಾಠ್ಯಾಗ. "ನಮ್ಮ ದಂಡಿಗೆ ಅಷ್ಟು ಮೀನು ಬೀಳಂಗಿಲ್ಲ. ನಮಗೂ ಒಂದೆರಡೇ ಬೀಳ್ತಾವ, ಆ ದಂಡಿಯವರಿಗೆ ಬಿದ್ದಷ್ಟೇ."

ಪುಣೆ ಸಾಹೇಬರ ಮಾರಿ ಕೆಂಪಗಾತು. "ಮತ್ತ ಸೊಸಾಯಟಿ ದಾಖಲೆ? ಅದೂ ಸುಳ್ಳೇನು?"

"ಸುಳ್ಳು, ಸಾಹೇಬ. ಬಲಿ ಹೆಚ್ಚಿಗೆ ಸಿಗಲಿ ಅಂತ ನಾನೇ ಹೆಚ್ಚಿಗೆ ಬರಸೀನಿ."

ಹಸೀ ಸುಳ್ಳು! ಅವನ ತೂಕ ಎಲ್ಲಾ ಖರೇ ಇದ್ವು. ಅಂವ ಹಟ ಹಿಡದು ತೂಕ ಮಾಡಿಸ್ತಿದ್ದ ಅಂತ ಎರಡೂ ದಂಡಿಗೆ ಗೊತ್ತು. ಈಗ ನೋಡ್ರಿ, ತನ್ನ ಮಾರಿಗೆ ತಾನೇ ಮಸಿ ಬಳಕೊಂಡು ನಿಂತ. ತಾಯಪ್ಪನ ಬಲ್ಯಾಗಿಂದು ಒಂದು ಮಾತೂ ಎತ್ತಲಿಲ್ಲ, ತಂದೇ ಕಡಿಮಿ ಮಾಡಿಕೊಂಡ. ಪುಣೆ ಸಾಹೇಬರು ಬಾಯಿಗೆ ಬಂದಂಗ ಬೈದ್ರು, ಇಲಾಖೇದಿಂದ ಇಂಕ್ವಾಯರಿ ಹಾಕಸ್ತೀನಿ, ಜೈಲಿಗೆ ಕಳಸ್ತೀನಿ ಅಂದ್ರು. ಅಂವ ಟೋಪಿ ಹಿಡಕೊಂಡು ನೆಲಾ ನೋಡಕೋತ ನಿಂತಿದ್ದ. ಆ ಬೆಂಗಳೂರಿನ ಹುಡುಗ ಸಾಹೇಬರು ಮಾತ್ರ ಶ್ಯಾಣ್ಯಾರು. "ಇಬ್ಬರದ್ದೂ ಒಂದೇ ಅಂದಮೇಲೆ ಸರಿ ಅರ್ಧ ಮಾಡೋಣ, ಸರ್" ಅಂತ ಅಂದೇಬಿಟ್ರು. ಬ್ಯಾರೆ ಲೆಕ್ಕನೇ ಯಾರ ಹತ್ರನೂ ಇರಲಿಲ್ಲ. ಮಧ್ಯಾಹ್ನದಾಗ ಹೊಸ ಕಾಗದ ಬಂತು, ಮಡು ಅರ್ಧ ಅರ್ಧ ಆತು.

ಹೊರಗ ಬಂದ ಮ್ಯಾಲ ತಾಯಪ್ಪ ಅವನ ಕಾಲು ಹಿಡಿಯಾಕ ಬಗ್ಗಿದ. ಕೃಷ್ಣಾಜಿ ಹಿಂದಕ್ಕ ಸರದು, "ಏ, ಮಂದಿ ನೋಡ್ತಾರ, ಎದ್ದೇಳೋ" ಅಂತ ಗದರಿಸಿದ. ನಾಕಾಣೆದು ಶೇಂಗಾ ಕೊಡಿಸಿ, ಇಬ್ಬರನ್ನೂ ಒಂದೇ ಡಬ್ಬ್ಯಾಗ ಹತ್ತಿಸಿ ಬಂದೆ.

ಊರಿನ ಸುದ್ದಿ ಆಮ್ಯಾಲ ಒಂದೊಂದೇ ಬಂತು. ಕೃಷ್ಣಾಜಿ ಇಳದ ಕೂಡ್ಲೆ ಅವನ ದಂಡಿಯವರು ಹೊಳಿ ಮಾರಿ ಬಂದಾಂವ ಅಂತ ಮಾರಿ ಮ್ಯಾಲ ಉಗುಳಿದ್ರಂತ. ಚೇರ್ಮನ್ಕಿ ಹೋತು. ಇಂಕ್ವಾಯರಿ ಬಂತು, ದಾಖಲೆ ಸುಳ್ಳು ಅಂತ ತಾನೇ ಒಪ್ಪಿಕೊಂಡಿದ್ದಕ್ಕ ಅವನ ಲೈಸೆನ್ಸ್ ರದ್ದು ಮಾಡಿದ್ರು. ತಾಯಪ್ಪ ಹರಗೋಲು ತಗೊಂಡು ಆ ದಂಡಿಗೆ ಹೋಗಿ, ನಮ್ಮ ದಂಡಿಗೆ ಬಾ, ನನ್ನ ಬಲ್ಯಾಗ ಅರ್ಧಾ ನಿಂದು ಅಂತ ಕರದ. ಹಿಂದಕ್ಕಾದ್ರ ಬಂದುಬಿಡ್ತಿದ್ದ, ಯಾರೂ ಯಾಕ ಅಂತಿರಲಿಲ್ಲ. ಈಗ ಕರಾರಿನ್ಯಾಗ ಬರದಿತ್ತಲ್ಲ, ಆ ದಂಡಿಯವರು ಈ ದಂಡಿ ಬಲಿ ಮುಟ್ಟಂಗಿಲ್ಲ ಅಂತ. ಮುಟ್ಟಿದ್ರ ಇಬ್ಬರದ್ದೂ ಜಪ್ತಿ. ಕೃಷ್ಣಾಜಿ, ಬ್ಯಾಡೋ, ನಿಂದೂ ಹೋಗ್ತದ, ಅಂತ ಅವನ್ನ ಹೊಳ್ಳಿ ಕಳಿಸಿದ.

ಮರುವರ್ಷ ಕೃಷ್ಣಾಜಿ, ಅವನ ಹೆಂಡ್ತಿ ನಾಗವ್ವ, ಮಕ್ಕಳು, ಒಂದು ಟ್ರಂಕು ಪುಣೆ ಸ್ಟೇಶನ್ನಿನ್ಯಾಗ ಇಳದ್ರು. ನಾನೇ ಹೋಗಿ ಕರಕೊಂಡು ಬಂದೆ. ನಿಮ್ಮಿಂದ ಹಿಂಗಾತು ಅಂತ ಒಂದು ಮಾತು ಅಂದಿದ್ರ ನಾನೂ ನಾಕು ಮಾತು ಅಂದು ಹಗೂರ ಆಗ್ತಿದ್ದೆ. ಅಂವ ಅನ್ನಲಿಲ್ಲ. "ವೈನಿ, ಇಲ್ಲಿ ಚಳಿ ಭಾಳೇನು?" ಅಂತ ಕೇಳಿದ. ನಮ್ಮ ಬಾಜೂಕ, ತಾಯಪ್ಪಗ ಅಂತ ನಾ ಸಿಟ್ಟಿನ್ಯಾಗ ತೋರಿಸಿದ್ದ ಜಾಗಾದಾಗೇ ಅವರ ಗುಡಿಸಲು ಎದ್ದಿತು.

ಕುರ್ಚಿ ಮ್ಯಾಲ ಕುಂತಾಂವ, ಹರಗೋಲದಾಗ ಕುಂತಾಂವ. ಕೃಷ್ಣಾಜಿ ಕುತ್ತಿಗಿ ಘಮೇಲಾಕ್ಕ ಹುಟ್ಟಿದ್ದಲ್ಲ. ಆದ್ರೂ ಹೊತ್ತ. ಸಂಜಿಮುಂದ ನಾಗವ್ವ ಅವನ ಕುತ್ತಿಗಿಗೆ ಎಣ್ಣಿ ತಿಕ್ಕೂದು ನನ್ನ ಗುಡಿಸಲಿಗೆ ಕಾಣ್ತಿತ್ತು. ನೋಡಲಾರದ ನಾ ಬಾಗಿಲ ಎಳಕೋತಿದ್ದೆ.

ಅದೇ ಬ್ಯಾಸಗ್ಯಾಗ ತಾಯಪ್ಪ ಬಂದ. ಒಣ ಮೀನಿನ ಗಂಟು ಹೆಗಲಿಗೆ ಹಾಕ್ಕೊಂಡು, ಗುಡಿಸಲದಾಗ ಯಾರೂ ಇಲ್ಲದ್ದು ನೋಡಿ ಸೀದಾ ಕೆಲಸದ ಜಾಗಾಕ್ಕೇ ಬಂದುಬಿಟ್ಟ. ಅವತ್ತ ಸ್ಲ್ಯಾಬ್ ಹಾಕೂ ದಿನ. ಸ್ಲ್ಯಾಬ್ ಹಾಕೂ ದಿನ ಅಂದ್ರ ಯಾರೂ ನಿಂದ್ರಂಗಿಲ್ಲ, ಕುಂಡ್ರಂಗಿಲ್ಲ. ಕೆಳಗ ಮಿಕ್ಸರ್ ತಿರುಗತಿರ್ತದ, ಹಲಗಿ ದಾರಿ ಮ್ಯಾಲ ಇರಿವಿ ಸಾಲಿನಂಗ ಮಂದಿ ಘಮೇಲಾ ಹೊತಗೊಂಡು ಹತ್ತಿರ್ತಾರ. ಒಬ್ಬ ನಿಂತ್ರ ಸಾಲು ನಿಂದರ್ತದ, ಸಾಲು ನಿಂತ್ರ ಹಾಕಿದ ಮಾಲು ಬಿರಿತದ. ನನ್ನ ಕುತ್ತಿಗಿ ಆ ಹೊತ್ತಿಗೆ ಕೈ ಕೊಟ್ಟಿತ್ತು. ನಾ ಕೆಳಗ ನಿಂತು ಸಲಿಕಿಲೆ ತುಂಬಿ ತುಂಬಿ ಕೊಡತಿದ್ದೆ.

ಕೃಷ್ಣಾಜಿ ಹಲಗಿ ನಡುವ ನಿಂತುಬಿಟ್ಟ. ಕಾಲು ಥರಾಥರಾ ನಡಗತಿದ್ವು. ಹಿಂದಿನವರು ನಡ್ಯೋ ನಡ್ಯೋ ಅಂತ ಒದರಾಕತ್ತಿದ್ರು. ಮುಕಾದಮ ಹಣಮಂತ್ರಾಯ ಮ್ಯಾಲಿಂದ, "ಏ ಚೇರ್ಮನ್! ಆಗದಿದ್ರ ಇಳಿ, ನಾಳಿಂದ ಈ ಕಡಿ ಬರಬ್ಯಾಡ. ಬ್ಯಾರೆ ಆಳು ಕೂಲಿ ಸಿಗೂ ನಾಕಾದಾಗ ಬೇಕಾದಷ್ಟು ನಿಂತಾರ" ಅಂದ.

ತಾಯಪ್ಪ ಗಂಟು ಉಸುಕಿನ ಮ್ಯಾಲ ಇಟ್ಟ. ಅಂಗಿ ತಗದ. ಹಲಗಿ ಹತ್ತಿ ಹೋಗಿ ಕೃಷ್ಣಾಜಿ ತಲಿ ಮ್ಯಾಲಿನ ಘಮೇಲಾ ಎತ್ತಿ ತನ್ನ ತಲಿಗೆ ಇಟಗೊಂಡ. "ಇವತ್ತ ಇವನ ಬದಲಿ ನಾ ಹೊರ್ತೀನ್ರಿ. ಇವನ ಹಾಜರಿ ಹಾಕ್ರಿ" ಅಂತ ಮುಕಾದಮಗ ಗಟ್ಟಿಯಾಗಿ ಹೇಳಿದ. ನೀರಿನ ಹೊರಗ ಅವನ ದನಿ ಅಷ್ಟು ಗಟ್ಟಿ ನಾ ಎಂದೂ ಕೇಳಿರಲಿಲ್ಲ. ಕೃಷ್ಣಾಜಿ ಬ್ಯಾಡೋ ಬ್ಯಾಡೋ ಅಂದ, ಅಂವ ಕೇಳಲಿಲ್ಲ, ಹತ್ತಿ ಹೋಗಿಬಿಟ್ಟ.

ತಾಯಪ್ಪ ಖಾಲಿ ಘಮೇಲಾ ಹಿಡಕೊಂಡು ಇಳದು ನನ್ನ ಮುಂದ ಬಂದು ನಿಂತ. ಮೈಯೆಲ್ಲಾ ಸಿಮೆಂಟಿನ ನೀರು, ಕಣ್ಣಾಗ ಧೂಳು.

"ಏ ಹುಚ್ಚಾ" ಅಂದೆ, "ಇದೊಂದು ನೋಡಬಾರದು ಅಂತ ನಾ ಎಷ್ಟು ಗೋಗರದೆ, ಎಷ್ಟು ಒದ್ದಾಡಿದೆ! ಅಂವ ತನ್ನ ಹೊಳಿ ಕಳಕೊಂಡ. ನೀ ಈಗ..."

"ಅದಕ್ಕೇ ಯಕ್ಕಾ" ಅಂದ. "ತುಂಬು. ಹಿಂದ ಸಾಲು ನಿಂತದ."

ಸಲಿಕಿ ಎತ್ತಿದೆ. ತಮ್ಮ ಅಂತ ಕಡಿಮಿ ತುಂಬಲಿಲ್ಲ, ಕೃಷ್ಣಾಜಿಗೆ ತುಂಬಿದಷ್ಟೇ ತುಂಬಿದೆ. ತುಂಬಿ, ನನ್ನ ಎರಡೂ ಕೈಲೆ ಎತ್ತಿ ಅವನ ತಲಿ ಮ್ಯಾಲ ಇಟ್ಟೆ.